ಪಲೆಂಗ್ಕೆಯ ತಿಂಡಿ ಅಂಗಡಿಯ ಮುಂದೆ: ಯಾವ ಹೊತ್ತಿಗೆ ಯಾವ ತಿಂಡಿ

ಫಿಲಿಪೀನ್ಸ್ ದೇಶದಲ್ಲಿ, ಮನಿಲಾದ ಕಿಯಾಪೊ ಚರ್ಚಿನ ಹತ್ತಿರದ ಕಿಂತಾ ಮಾರುಕಟ್ಟೆಯಾಗಲಿ, ದಾವಾವೊ ನಗರದ ಬಂಕೆರೊಹಾನ್ ಆಗಲಿ, ಸೆಬುವಿನ ಕಾರ್ಬನ್ ಆಗಲಿ, ಅಲ್ಲಿನ ತಿಂಡಿ ಅಂಗಡಿಯ ಮುಂದೆ ಮೊದಲ ಸಲ ನಿಂತವರಿಗೆ ಎದುರಾಗುವ ಕಷ್ಟವೆಂದರೆ ಒಂದೇ ನೋಟಕ್ಕೆ ಹದಿನೈದು ಇಪ್ಪತ್ತು ಬಗೆಯ ತಿಂಡಿ ಕಾಣುವುದು. ಬಾಳೆ ಎಲೆ ಹಾಸಿದ ಅಗಲವಾದ ಬಿದಿರಿನ ತಟ್ಟೆಗಳಲ್ಲಿ ನೇರಳೆ, ಹಳದಿ, ಕಂದು ಬಣ್ಣದ ಅಕ್ಕಿತಿಂಡಿಗಳಿರುತ್ತವೆ. ಪಕ್ಕದ ಬಾಣಲೆಯಲ್ಲಿ ಬಾಳೆಹಣ್ಣು ಸಕ್ಕರೆಯ ಪಾಕದಲ್ಲಿ ಹೊರಳುತ್ತಿರುತ್ತದೆ. ಅದರಾಚೆ ಕಡ್ಡಿಗೆ ಚುಚ್ಚಿದ ಮೀನಿನ ಉಂಡೆಗಳು, ಇನ್ನೂ ಆಚೆ ಐಸ್ ಹೆರೆಯುವ ಯಂತ್ರ. ಹಿಂದೆ ಜನ ಕಾಯುತ್ತಿರುತ್ತಾರೆ, ಮಾರುವಾಕೆ ಮುಖ ನೋಡುತ್ತಾಳೆ, ಹೊಟ್ಟೆ ಮಾತ್ರ ಎರಡು ಅಥವಾ ಮೂರು ತಿಂಡಿಗೆ ತುಂಬಿಬಿಡುತ್ತದೆ. ಆ ಎರಡು ಮೂರನ್ನು ಹೇಗೆ ಆರಿಸಬೇಕು ಎಂಬುದೇ ಈ ಬರಹದ ವಿಷಯ.

ಫಿಲಿಪೀನ್ಸ್‌ನವರು ಸಾರ್ವಜನಿಕ ಮಾರುಕಟ್ಟೆಯನ್ನು ಪಲೆಂಗ್ಕೆ ಎನ್ನುತ್ತಾರೆ. ಊಟ ಊಟಗಳ ನಡುವೆ ತಿನ್ನುವ ತಿಂಡಿಗೆ ಮೆರಿಯೆಂದಾ ಎಂಬ ಹೆಸರಿದೆ. ಎರಡೂ ಸ್ಪ್ಯಾನಿಷರಿಂದ ಬಂದ ಪದಗಳು. ತಿಂಡಿಗಳಲ್ಲಿ ಬಹುಪಾಲು ಮಾತ್ರ ಸ್ಪ್ಯಾನಿಷರಿಗಿಂತ ಹಳೆಯ ಅಕ್ಕಿ ಮತ್ತು ತೆಂಗಿನ ಸಂಸ್ಕೃತಿಗೆ ಸೇರಿದವು. ಕರಾವಳಿ ಮತ್ತು ಮಲೆನಾಡಿನ ಕನ್ನಡಿಗರಿಗೆ ಈ ಮಾರುಕಟ್ಟೆ ಬೇಗ ಒಗ್ಗಿಹೋಗುವುದು ಇದೇ ಕಾರಣಕ್ಕೆ. ದಾವಾವೊದಲ್ಲಿ ವೈದ್ಯಕೀಯ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳಲ್ಲಿ ನಮ್ಮ ಕಡೆಯ ಮಕ್ಕಳೂ ಇದ್ದಾರೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದೂ ಹಾಗೆ ಓದುತ್ತಿದ್ದ ಅಕ್ಕನ ಮಗಳನ್ನು ನೋಡಿಬರಲು. 2025ರ ಜೂನ್ ತಿಂಗಳಿನಿಂದ ಭಾರತೀಯ ಪ್ರವಾಸಿಗರಿಗೆ 14 ದಿನಗಳವರೆಗೆ ವೀಸಾ ಬೇಡವೆಂದಾದ ಮೇಲೆ ಹೋಗಿಬರುವವರು ಹೆಚ್ಚುತ್ತಿದ್ದಾರೆ. ಹೋದವರಲ್ಲಿ ಅನೇಕರು ಮಾಲಿನ ಅಂಗಡಿಗಳಲ್ಲೇ ತಿಂದು ಮರಳುತ್ತಾರೆಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಹೆಸರುವಾಸಿಯಾದ ತಿಂಡಿಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಆ ಹೊತ್ತಿಗೆ ಯಾವ ತಿಂಡಿ ಒಲೆಯಿಂದ ಇಳಿಯುತ್ತಿದೆ ಎಂದು ನೋಡಿ ಆರಿಸುವುದು ಉತ್ತಮ. ಪಲೆಂಗ್ಕೆಯಲ್ಲಿ ಒಂದೊಂದು ತಿಂಡಿಗೂ ಅದರದೇ ಹೊತ್ತಿದೆ. ಹೊತ್ತು ತಪ್ಪಿದರೆ ಎಷ್ಟೇ ಹೆಸರುವಾಸಿ ತಿಂಡಿಯೂ ತಣ್ಣಗೆ, ಗಟ್ಟಿಯಾಗಿ, ಸಪ್ಪೆಯಾಗಿ ಸಿಗುತ್ತದೆ. ತಿಂದವರು ತಿಂಡಿಯೇ ಹಾಗೆ ಎಂದುಕೊಂಡು ಬರುತ್ತಾರೆ.

ಬೆಳಗಿನ ಜಾವ: ತಾಹೊ ಅಥವಾ ಪುತೊ ಮಾಯಾ

ಬೆಳಗಿಗೆ ಎರಡು ಒಳ್ಳೆಯ ಆಯ್ಕೆಗಳಿವೆ. ತಾಹೊ ಎಂಬುದು ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡಿದ, ಬಾಯಲ್ಲಿಟ್ಟರೆ ಕರಗುವಷ್ಟು ಮೆತ್ತಗಿನ ಪದಾರ್ಥ. ಮೂಲ ಚೀನೀಯರದು. ಮಾರುವವನು ಹೆಗಲ ಮೇಲಿನ ಅಡ್ಡೆಯ ಎರಡು ತುದಿಗೂ ಅಲ್ಯೂಮಿನಿಯಂ ಡಬರಿಗಳನ್ನು ತೂಗುಹಾಕಿಕೊಂಡು, ‘ತಾಹೋ’ ಎಂದು ಎಳೆದು ಕೂಗುತ್ತ ಬರುತ್ತಾನೆ. ಒಂದರಲ್ಲಿ ಬಿಸಿ ತಾಹೊ ಇರುತ್ತದೆ, ಇನ್ನೊಂದರಲ್ಲಿ ಆರ್ನಿಬಾಲ್ ಎಂಬ ಕಂದುಸಕ್ಕರೆಯ ಪಾಕ ಮತ್ತು ಬೇಯಿಸಿದ ಸಾಬಕ್ಕಿ. ಚಪ್ಪಟೆ ಸೌಟಿನಿಂದ ತೆಳ್ಳಗೆ ಪದರ ಪದರವಾಗಿ ತೆಗೆದು ಲೋಟಕ್ಕೆ ಹಾಕುತ್ತಾನೆ. ಹಾಲಿಲ್ಲ, ಮೊಟ್ಟೆಯಿಲ್ಲ, ಸಸ್ಯಾಹಾರಿಗಳು ಯಾವ ಪ್ರಶ್ನೆಯನ್ನೂ ಕೇಳದೆ ತಿನ್ನಬಹುದಾದ ಕೆಲವೇ ತಿಂಡಿಗಳಲ್ಲಿ ಇದು ಒಂದು. ಬಾಗಿಯೊದಲ್ಲಿ ಸ್ಟ್ರಾಬೆರಿಯ ಪಾಕ ಹಾಕಿದ್ದು ಸಿಗುತ್ತದೆ. ನೋಡಲು ಚೆಂದ, ರುಚಿಯಲ್ಲಿ ಸಾದಾ ತಾಹೊವೇ ಮೇಲು.

ಪುತೊ ಮಾಯಾ ಮನಿಲಾದಿಂದ ದಕ್ಷಿಣಕ್ಕಿರುವ ಸೆಬು, ದಾವಾವೊ ಕಡೆಯದು. ಅಂಟಕ್ಕಿಯನ್ನು ಶುಂಠಿ, ಉಪ್ಪು, ತೆಂಗಿನ ಹಾಲಿನೊಡನೆ ಬೇಯಿಸಿ ಮುದ್ದೆಯಾಗಿಸಿ, ಮಾಗಿದ ಮಾವಿನ ಹಣ್ಣಿನ ಹೋಳು ಮತ್ತು ಸಿಕ್ವಾತೆ ಎಂಬ ಗಟ್ಟಿ ಚಾಕೊಲೇಟ್ ಪಾನೀಯದ ಜೊತೆ ಕೊಡುತ್ತಾರೆ. ಬಂಕೆರೊಹಾನ್‌ನಲ್ಲಿ ನಸುಕಿನಲ್ಲೇ ಸೊಪ್ಪು ತರಕಾರಿ ಇಳಿಸಿದ ಕೂಲಿಗಳು ಬೆಂಚಿನ ಮೇಲೆ ಕುಳಿತು ಇದನ್ನು ತಿನ್ನುತ್ತಿರುತ್ತಾರೆ. ಹೊಟ್ಟೆ ತುಂಬ ತಿಂಡಿ ಬೇಕೆನ್ನುವವರಿಗೆ ಇದೇ ಸರಿ. ಆಮೇಲೆ ಇನ್ನೂ ನಾಲ್ಕು ಅಂಗಡಿ ಸುತ್ತಬೇಕೆಂದಿರುವವರು ತಾಹೊ ಕುಡಿದು ಮುಂದೆ ಹೋಗುವುದು ಲೇಸು. ಅಂಟಕ್ಕಿ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ.

ಕಕಾನಿನ್: ಗೆರಸೆಯ ಮೇಲಿನ ಅಕ್ಕಿತಿಂಡಿಗಳು

ಅನ್ನಕ್ಕೆ ತಗಾಲೊಗ್ ಭಾಷೆಯಲ್ಲಿ ಕಾನಿನ್ ಎನ್ನುತ್ತಾರೆ. ಅಕ್ಕಿಯಿಂದ ಮಾಡಿದ ತಿಂಡಿಗಳಿಗೆಲ್ಲ ಒಟ್ಟಾಗಿ ಕಕಾನಿನ್. ಅವನ್ನು ಹರಡಿಡುವ ಬಿಲಾವೊ ನಮ್ಮ ಗೆರಸೆಯಂತೆಯೇ ಬಿದಿರಿನಿಂದ ಹೆಣೆದ ದುಂಡನೆಯ ಸಾಧನ, ಮೂಲತಃ ಅಕ್ಕಿ ಕೇರಲು ಇದ್ದದ್ದು. ನನ್ನ ಮಟ್ಟಿಗೆ ಪಲೆಂಗ್ಕೆಯ ನಿಜವಾದ ಸಂಪತ್ತು ಇದೇ. ಸಮಯ, ಹಣ, ಹಸಿವು ಮೂರೂ ಕಡಿಮೆಯಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಇಲ್ಲಿಯೇ ನಿಲ್ಲಿ ಎಂದು ಹೇಳುತ್ತೇನೆ.

ಹೊಸಬರು ಮೊದಲು ಗೊಂದಲಗೊಳ್ಳುವುದು ಪುತೊ ಮತ್ತು ಕುತ್ಸಿಂತಾಗಳ ನಡುವೆ, ಏಕೆಂದರೆ ಎರಡನ್ನೂ ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಮಾರುತ್ತಾರೆ. ಪುತೊ ಬೆಳ್ಳಗೆ, ಉಬ್ಬಿದ, ಹಬೆಯಲ್ಲಿ ಬೆಂದ ಅಕ್ಕಿಯ ತಿಂಡಿ. ಇಡ್ಲಿಯ ನೆನಪಾಗದೆ ಇರದು, ಆದರೆ ಉದ್ದಿಲ್ಲ, ಸ್ವಲ್ಪ ಸಿಹಿಯಿದೆ. ಪಂಗಾಸಿನಾನ್ ಪ್ರಾಂತ್ಯದ ಕಲಾಸಿಯಾವೊ ಊರಿನ ಪುತೊ ಒಂದು ತುತ್ತಿನಷ್ಟು ಚಿಕ್ಕದು, ನೆನೆಸಿ ರುಬ್ಬಿ ಹುದುಗಿಸಿದ ಅಕ್ಕಿಯದು. ಅದು ಸಿಕ್ಕರೆ ಬಿಡಬಾರದು. ಲಗುನಾ ಪ್ರಾಂತ್ಯದ ಬಿನ್ಯಾನ್ ಊರಿನದು ದೊಡ್ಡದು, ಮೇಲೆ ಚೀಸ್ ಅಥವಾ ಉಪ್ಪುಮೊಟ್ಟೆಯ ಹೋಳು ಇರುತ್ತದೆ. ಇಂದು ಎಲ್ಲ ಮಾರುಕಟ್ಟೆಗಳಲ್ಲೂ ಹೆಚ್ಚಾಗಿ ಸಿಗುವ ಬಣ್ಣಬಣ್ಣದ ಪುತೊ ಮಾತ್ರ ಮೈದಾ, ಬೇಕಿಂಗ್ ಪೌಡರ್, ಮೊಟ್ಟೆ, ಹಾಲು ಸೇರಿದ ಸಣ್ಣ ಕೇಕಿನಂಥದ್ದು, ಅದರಲ್ಲಿ ಅಕ್ಕಿಯ ಪರಿಮಳವೇ ಇಲ್ಲ. ಹಿಸುಕಿ ನೋಡಲಾಗದಿದ್ದರೂ ಕಣ್ಣಿಗೆ ತಿಳಿಯುತ್ತದೆ: ಅಕ್ಕಿಯ ಪುತೊವಿಗೆ ತೇವದ ಹೊಳಪಿದೆ, ಮೈದಾದ್ದು ಒಣಗಿದಂತೆ ಪುಡಿಪುಡಿಯಾಗಿ ಕಾಣುತ್ತದೆ. ಇನ್ನೊಂದು ಎಚ್ಚರ, ಪುತೊವನ್ನು ದಿನುಗುವಾನ್ ಎಂಬ ಕಪ್ಪು ಸಾರಿನ ಜೊತೆ ತಿನ್ನುವುದು ಅಲ್ಲಿನ ವಾಡಿಕೆ. ಆ ಸಾರು ಹಂದಿಯ ರಕ್ತ ಮತ್ತು ಮಾಂಸದಿಂದ ಆದದ್ದು. ಜೊತೆಗೆ ಏನಾದರೂ ಬೇಕೇ ಎಂದು ಕೇಳಿದಾಗ ಸುಮ್ಮನೆ ತಲೆಯಾಡಿಸಬೇಡಿ.

ಕುತ್ಸಿಂತಾ ಕಂದು ಅಥವಾ ಕೇಸರಿ ಬಣ್ಣದ, ಬೆರಳಿಟ್ಟರೆ ಅಲುಗಾಡುವ ತಿಂಡಿ. ಅಕ್ಕಿಹಿಟ್ಟು, ಕಂದುಸಕ್ಕರೆ, ಕ್ಷಾರದ ತಿಳಿನೀರು ಇಷ್ಟೇ ಅದರ ಸಾಮಗ್ರಿ. ಆ ತಿಳಿನೀರಿಗೆ ಲಿಹಿಯಾ ಎನ್ನುತ್ತಾರೆ, ಹಿಂದೆ ಬೂದಿಯಿಂದ ತೆಗೆಯುತ್ತಿದ್ದರು. ಕುತ್ಸಿಂತಾಕ್ಕೆ ಆ ಪುಟಿಯುವ ಗುಣ ಬರುವುದು ಅದರಿಂದಲೇ. ಮೇಲೆ ಹಸಿ ತೆಂಗಿನ ತುರಿ. ಹಾಲುಬಾಯಿ ತಿಂದು ಬೆಳೆದವರಿಗೆ ಇದರ ರುಚಿಯನ್ನು ವಿವರಿಸುವ ಅಗತ್ಯವಿಲ್ಲ. ಹಾಲುಬಾಯಿಗಿಂತ ತುಸು ಹೆಚ್ಚು ಎಳೆದುಕೊಳ್ಳುತ್ತದೆ, ತೆಂಗು ಒಳಗಿರದೆ ಮೇಲಿರುತ್ತದೆ, ಅಷ್ಟೇ ವ್ಯತ್ಯಾಸ. ಸಾಮಾನ್ಯವಾಗಿ ಹಾಲು ಮೊಟ್ಟೆ ಸೇರುವುದಿಲ್ಲ. ಪುತೊ ಮತ್ತು ಕುತ್ಸಿಂತಾಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು ಎರಡು ಸಲ ಯೋಚಿಸದೆ ಕುತ್ಸಿಂತಾ ಕೊಳ್ಳುತ್ತೇನೆ.

ಪಲಿತಾವ್ ಇನ್ನೊಂದು ಬಗೆ. ಅಂಟಕ್ಕಿಯ ಹಿಟ್ಟನ್ನು ನಾಲಿಗೆಯಾಕಾರಕ್ಕೆ ತಟ್ಟಿ ಕುದಿಯುವ ನೀರಿಗೆ ಬಿಟ್ಟರೆ ಬೆಂದ ಕೂಡಲೇ ಮೇಲೆ ತೇಲಿ ಬರುತ್ತದೆ. ಲಿತಾವ್ ಎಂದರೆ ಮೇಲೆ ಕಾಣಿಸಿಕೊಳ್ಳುವುದು. ತೆಗೆದು ತೆಂಗಿನ ತುರಿಯಲ್ಲಿ ಹೊರಳಿಸಿ, ಹುರಿದ ಎಳ್ಳು ಮತ್ತು ಸಕ್ಕರೆ ಉದುರಿಸುತ್ತಾರೆ. ಎಳ್ಳಿನ ಘಮ ಇದಕ್ಕೆ ಜೀವ. ಇದಕ್ಕೆ ಹತ್ತಿರದ್ದು ಪಿಚಿ-ಪಿಚಿ, ಆದರೆ ಅದು ಮರಗೆಣಸಿನದು, ಅಕ್ಕಿಯದಲ್ಲ. ಹೆಚ್ಚು ಮೃದು, ಹೆಚ್ಚು ಸಿಹಿ. ಮಕ್ಕಳಿಗೆ ಪಿಚಿ-ಪಿಚಿ, ದೊಡ್ಡವರಿಗೆ ಪಲಿತಾವ್ ಎಂದು ನಾನು ಹಂಚುವುದುಂಟು.

ಸುಮಾನ್ ಮತ್ತು ಬಿಕೊಗಳಲ್ಲಿ ಆಯ್ಕೆ ಪ್ರಯಾಣವನ್ನು ಅವಲಂಬಿಸಿದೆ. ಸುಮಾನ್ ಎಂದರೆ ತೆಂಗಿನ ಹಾಲಿನಲ್ಲಿ ಅರೆಬೇಯಿಸಿದ ಅಂಟಕ್ಕಿಯನ್ನು ಬಾಳೆ ಎಲೆಯಲ್ಲೋ ತಾಳೆ ಜಾತಿಯ ಎಲೆಯಲ್ಲೋ ಸುತ್ತಿ ಮತ್ತೆ ಬೇಯಿಸಿದ್ದು. ನಮ್ಮ ಮೂಡೆ, ಪತೋಳಿಗಳಂತೆ ಎಲೆಯ ಪರಿಮಳವನ್ನು ಹೀರಿಕೊಂಡಿರುತ್ತದೆ. ಎಲೆಯೇ ಹೊದಿಕೆಯಾದ್ದರಿಂದ ಬಸ್ಸಿನಲ್ಲಿ, ಹಡಗಿನಲ್ಲಿ ಕೈಗಂಟದೆ ತಿನ್ನಬಹುದು. ಬಿಕೊ ಅದೇ ಅಂಟಕ್ಕಿಯನ್ನು ಕಂದುಸಕ್ಕರೆ, ತೆಂಗಿನ ಹಾಲಿನಲ್ಲಿ ಗಟ್ಟಿಯಾಗುವ ತನಕ ಮಗುಚಿ, ತಟ್ಟೆಯಲ್ಲಿ ಹರಡಿ ಕತ್ತರಿಸಿದ್ದು. ಅದರ ಮೇಲೆ ಲತಿಕ್ ಇರುತ್ತದೆ. ಉತ್ತರದ ಲುಜೋನ್ ದ್ವೀಪದಲ್ಲಿ ಲತಿಕ್ ಎಂದರೆ ತೆಂಗಿನ ಗಟ್ಟಿಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿದಾಗ ಉಳಿಯುವ ಕೆಂಪಗಿನ ಗಸಿ, ನಾವು ಮನೆಯಲ್ಲಿ ತೆಂಗಿನೆಣ್ಣೆ ಕಾಯಿಸುವಾಗ ಮಕ್ಕಳು ಕಿತ್ತಾಡಿ ತಿನ್ನುವ ಅದೇ ವಸ್ತು. ದೇಶದ ನಡುಭಾಗದ ವಿಸಾಯಸ್ ದ್ವೀಪಗಳಲ್ಲಿ ಲತಿಕ್ ಎಂದರೆ ತೆಂಗಿನ ಹಾಲು ಮತ್ತು ಸಕ್ಕರೆಯ ಪಾಕ. ಒಂದೇ ಹೆಸರು ಕೇಳಿ ಬೇರೆ ಊರಿನಲ್ಲಿ ಬೇರೆಯದು ಸಿಕ್ಕಿದರೆ ಮೋಸವಾಯಿತೆಂದು ತಿಳಿಯಬೇಡಿ. ಮೂರು ಬಣ್ಣಗಳ ಪದರವಿರುವ ಸಪಿನ್-ಸಪಿನ್ ನೋಡಲು ಎಲ್ಲಕ್ಕಿಂತ ಸುಂದರ, ಆದರೆ ಅದರಲ್ಲಿ ಮಂದಗೊಳಿಸಿದ ಹಾಲು ಸೇರಿರುತ್ತದೆ ಮತ್ತು ಬಣ್ಣಕ್ಕಿರುವಷ್ಟು ರುಚಿಯ ಭೇದ ಪದರಗಳಲ್ಲಿ ಇರುವುದು ಅಪರೂಪ.

ಕಕಾನಿನ್ ಕೊಳ್ಳುವ ಹೊತ್ತು ಮುಖ್ಯ. ಇವನ್ನು ನಸುಕಿನಲ್ಲಿ ಮಾಡಿ ತರುತ್ತಾರೆ. ಬೆಳಗ್ಗೆ ಏಳರಿಂದ ಹತ್ತರೊಳಗೆ ಕೊಂಡರೆ ಮೃದುವಾಗಿರುತ್ತವೆ. ಅಲ್ಲಿನ ಸೆಕೆಗೆ ಮೊದಲು ಕೆಡುವುದು ಅಕ್ಕಿಯಲ್ಲ, ಮೇಲಿನ ಹಸಿ ತೆಂಗಿನ ತುರಿ. ಮಧ್ಯಾಹ್ನದ ಹೊತ್ತಿಗೆ ಅದು ಹುಳಿ ವಾಸನೆ ಹಿಡಿಯುತ್ತದೆ. ಆದ್ದರಿಂದ ಕಟ್ಟಿಸಿಕೊಂಡು ಹೋಗುವುದಾದರೆ ತೆಂಗನ್ನು ಬೇರೆ ಕೊಡಿ ಎಂದು ಕೇಳಿ. ತೆಂಗಿಗೆ ಅಲ್ಲಿ ನಿಯೊಗ್ ಎನ್ನುತ್ತಾರೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಅಂಟಕ್ಕಿ ಕಲ್ಲಿನಂತಾಗುತ್ತದೆ, ಮತ್ತೆ ಹಬೆಯಲ್ಲಿ ಕಾಯಿಸಿದರೆ ಮಾತ್ರ ಮೊದಲಿನ ಹದಕ್ಕೆ ಬರುತ್ತದೆ.

ಮಧ್ಯಾಹ್ನದ ಬಾಳೆಹಣ್ಣು: ತುರೋನ್, ಬನಾನಾ ಕ್ಯೂ, ಮರುಯಾ

ಎರಡು ಗಂಟೆ ದಾಟಿದ ಮೇಲೆ ಬಾಣಲೆಗಳು ಏಳುತ್ತವೆ. ಇಲ್ಲಿ ಬಳಸುವುದು ಸಬಾ ಎಂಬ ಬಾಳೆ. ನೇಂದ್ರಕ್ಕಿಂತ ಗಿಡ್ಡ, ದಪ್ಪ, ಮೂಲೆಗಳೆದ್ದ ಕಾಯಿ. ಹಣ್ಣಾದರೂ ಕರಗದೆ ಗಟ್ಟಿಯಾಗಿ ನಿಲ್ಲುವುದರಿಂದ ಕರಿಯಲು ಹೇಳಿ ಮಾಡಿಸಿದಂತಿದೆ.

ಬನಾನಾ ಕ್ಯೂ ಎಂಬ ಹೆಸರಿನಲ್ಲಿ ಬಾರ್ಬೆಕ್ಯೂ ಪದದ ತುಣುಕನ್ನು ಕೇಳಿ ಅದನ್ನು ಕೆಂಡದ ಮೇಲೆ ಸುಡುತ್ತಾರೆಂದು ಎಣಿಸುವುದು ಸಹಜ. ಹಾಗಲ್ಲ. ಕಾದ ಎಣ್ಣೆಗೆ ಬಾಳೆಹಣ್ಣನ್ನು ಇಡಿಯಾಗಿ ಬಿಟ್ಟು ಮೇಲಿಂದ ಕಂದುಸಕ್ಕರೆ ಚೆಲ್ಲುತ್ತಾರೆ. ಸಕ್ಕರೆ ಎಣ್ಣೆಯಲ್ಲೇ ಕರಗಿ ಕೆಂಪಗಾಗಿ ಹಣ್ಣಿಗೆ ಹತ್ತಿಕೊಳ್ಳುತ್ತದೆ. ಆಮೇಲೆ ಎರಡು ಮೂರನ್ನು ಬಿದಿರ ಕಡ್ಡಿಗೆ ಪೋಣಿಸುತ್ತಾರೆ. ಬಾಳೆಯ ಬದಲು ಗೆಣಸು ಹಾಕಿದರೆ ಕಮೋತೆ ಕ್ಯೂ. ಆ ಗೆಣಸು 1565ರಿಂದ 1815ರವರೆಗೆ ಮೆಕ್ಸಿಕೊ ಮತ್ತು ಮನಿಲಾಗಳ ನಡುವೆ ಓಡಾಡಿದ ಸ್ಪ್ಯಾನಿಷ್ ಹಡಗುಗಳ ಕಾಲದ ಬಳುವಳಿ, ಕಮೋತೆ ಎಂಬ ಹೆಸರೂ ಮೆಕ್ಸಿಕೊದ ಮೂಲನಿವಾಸಿಗಳ ಭಾಷೆಯದೇ. ತುರೋನ್ ಸ್ವಲ್ಪ ನಾಜೂಕು: ಸೀಳಿದ ಸಬಾ ಬಾಳೆಯ ಜೊತೆ ಹಲಸಿನ ತೊಳೆಯ ಒಂದು ಎಳೆಯನ್ನಿಟ್ಟು, ತೆಳುವಾದ ಹಾಳೆಯಲ್ಲಿ ಸುರುಳಿ ಸುತ್ತಿ, ಸಕ್ಕರೆಯಲ್ಲಿ ಕರಿಯುತ್ತಾರೆ. ಹೊರಗೆ ಗಾಜಿನಂತೆ ಮುರಿಯುವ ಪಾಕ, ಒಳಗೆ ಹಲಸಿನ ಪರಿಮಳ. ಮರುಯಾ ನಮ್ಮ ಕರಾವಳಿಯ ಬಾಳೆಹಣ್ಣಿನ ಪೋಡಿಯ ದಾಯಾದಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಆ ಹಿಟ್ಟಿಗೆ ಅನೇಕರು ಮೊಟ್ಟೆ ಹಾಕುತ್ತಾರೆ.

ಮೂರರಲ್ಲಿ ತುರೋನ್ ಮೇಲೆಂದು ನಾನು ಹೇಳುವುದು ಹಲಸಿನ ಕಾರಣಕ್ಕೆ, ಆದರೆ ಒಂದು ಷರತ್ತಿದೆ. ಅದು ಬಾಣಲೆಯಿಂದ ಇಳಿದು ಅರ್ಧ ಗಂಟೆಯೊಳಗಿನದಾಗಿರಬೇಕು. ತೇವ ಏರಿದ ಗಾಳಿಯಲ್ಲಿ ಹಾಳೆ ಬೇಗ ಮೆತ್ತಗಾಗಿ ಚರ್ಮದಂತೆ ಜಗ್ಗುತ್ತದೆ. ತಟ್ಟೆಯಲ್ಲಿ ಕಾದು ಕುಳಿತ ತುರೋನ್‌ಗಿಂತ ಎದುರಿಗೇ ಇಳಿಸಿದ ಬನಾನಾ ಕ್ಯೂ ಎಷ್ಟೋ ಪಾಲು ಚೆನ್ನ. ಅಗ್ಗದ ಕಡೆ ಹಲಸನ್ನೇ ಹಾಕಿರುವುದಿಲ್ಲ. ‘ಮೇ ಲಂಗ್ಕಾ ಪೊ?’ ಎಂದರೆ ಹಲಸು ಇದೆಯೇ ಎಂದರ್ಥ. ಮೂಗಿಗೂ ತಿಳಿಯುತ್ತದೆ. ಬಿಸಿ ಪಾಕ ನಾಲಿಗೆ ಸುಡುವುದು ಎಣ್ಣೆಗಿಂತ ಕೆಟ್ಟದಾಗಿ, ಏಕೆಂದರೆ ಅದು ಅಂಟಿಕೊಂಡು ಬಿಡುತ್ತದೆ. ಕಡ್ಡಿ ಹಿಡಿದು ಐದು ನಿಮಿಷ ನಿಲ್ಲುವಷ್ಟು ತಾಳ್ಮೆ ಬೇಕು.

ಸಕ್ಕರೆ ಕಾಯಿಲೆಯವರು ಈ ಸಾಲನ್ನೂ ಅಂಟಕ್ಕಿಯ ಸಾಲನ್ನೂ ದಾಟಿ ಹೋಗಿ, ಬೇಯಿಸಿದ ಸಬಾ ಬಾಳೆ ಅಥವಾ ಬಿನಾತೊಗ್ ಹುಡುಕುವುದು ಒಳ್ಳೆಯದು. ಬಿನಾತೊಗ್ ಎಂದರೆ ಬೇಯಿಸಿದ ಬಿಳಿ ಮೆಕ್ಕೆಜೋಳದ ಕಾಳಿಗೆ ತೆಂಗಿನ ತುರಿ ಮತ್ತು ಉಪ್ಪು ಬೆರೆಸಿದ್ದು. ಸಕ್ಕರೆ ಬೇಡವೆಂದರೆ ಹಾಕುವುದಿಲ್ಲ. ಇದು ಬರಿಯ ಬದಲಿ ವ್ಯವಸ್ಥೆಯಲ್ಲ, ನಿಜವಾಗಿಯೂ ರುಚಿಯಾದ ತಿಂಡಿ.

ಡಿಸೆಂಬರ್‌ನಲ್ಲಿ ಹೋದವರಿಗೆ

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲಿ ಚರ್ಚುಗಳಲ್ಲಿ ಸಿಂಬಾಂಗ್ ಗಬಿ ಎಂಬ ಪೂಜೆ ನಡೆಯುತ್ತದೆ. ಪೂಜೆ ಮುಗಿಸಿ ಬಂದವರಿಗಾಗಿ ಅಂಗಳದಲ್ಲೂ ಪಕ್ಕದ ಮಾರುಕಟ್ಟೆಯಲ್ಲೂ ಎರಡು ತಿಂಡಿಗಳು ಬೇಯುತ್ತಿರುತ್ತವೆ, ಜನ ಎರಡು ಪಕ್ಷವಾಗಿ ನಿಲ್ಲುತ್ತಾರೆ.

ಬಿಬಿಂಗ್ಕಾ ಎಂದರೆ ಅಕ್ಕಿಹಿಟ್ಟು, ತೆಂಗಿನ ಹಾಲಿನ ದಪ್ಪ ರೊಟ್ಟಿಯಂಥ ತಿಂಡಿ. ಬಾಳೆ ಎಲೆ ಹಾಸಿದ ಮಣ್ಣಿನ ಪಾತ್ರೆಗೆ ಹಿಟ್ಟು ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಮೇಲೆ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹೋಳು, ಎಮ್ಮೆ ಹಾಲಿನ ಬಿಳಿ ಚೀಸ್, ಬೆಣ್ಣೆ, ತೆಂಗಿನ ತುರಿ. ಮಂಗಳೂರು, ಕಾರವಾರದವರಿಗೆ ಗೋವೆಯ ಬಿಬಿಂಕ ನೆನಪಾಗಬಹುದು. ಹೆಸರು ಹತ್ತಿರ, ಆದರೆ ಆ ಪದರ ಪದರದ ಮೊಟ್ಟೆಯ ಸಿಹಿಗೂ ಇದಕ್ಕೂ ರುಚಿಯಲ್ಲಿ ಸಂಬಂಧವಿಲ್ಲ. ಪುತೊ ಬುಂಬೊಂಗ್ ಮಾತ್ರ ಹೆಸರಲ್ಲೂ ಮಾಡುವ ಬಗೆಯಲ್ಲೂ ನಮ್ಮ ಪುಟ್ಟುವಿಗೆ ಬಹಳ ಸಮೀಪ. ಪಿರುರುತೊಂಗ್ ಎಂಬ ಕಪ್ಪು ನೇರಳೆ ಅಂಟಕ್ಕಿಯ ಹಿಟ್ಟನ್ನು ಬಿದಿರಿನ ಕೊಳವೆಗೆ ತುಂಬಿ ಹಬೆಯ ಬಾಯಿಗಿಡುತ್ತಾರೆ. ನಿಮಿಷಗಳಲ್ಲಿ ಬೆಂದ ನೇರಳೆ ಕಡ್ಡಿಯನ್ನು ಬಾಳೆ ಎಲೆಗೆ ತಟ್ಟಿ ಕೆಡವಿ, ಮಾರ್ಗರೀನ್ ಸವರಿ, ತೆಂಗಿನ ತುರಿ ಮತ್ತು ಬೆಲ್ಲದಂಥ ಕಂದುಸಕ್ಕರೆ ಉದುರಿಸುತ್ತಾರೆ. ಆ ಅಕ್ಕಿ ಈಗ ವಿರಳವಾದ್ದರಿಂದ ಬಣ್ಣ ಬೆರೆಸಿದ ಸಾದಾ ಅಂಟಕ್ಕಿಯದೇ ಹೆಚ್ಚು. ಮಾಸಲು, ಬೂದು ಮಿಶ್ರಿತ ನೇರಳೆಯಾಗಿದ್ದರೆ ಭರವಸೆ ಇಡಬಹುದು, ಕಣ್ಣು ಕುಕ್ಕುವ ನೇರಳೆಯಾಗಿದ್ದರೆ ಬಣ್ಣವೆಂದೇ ತಿಳಿಯಬೇಕು.

ಮೊಟ್ಟೆ ತಿನ್ನದವರ ಆಯ್ಕೆ ಸುಲಭ, ಅದು ಪುತೊ ಬುಂಬೊಂಗ್. ಬಿಬಿಂಗ್ಕಾದ ಮೇಲಿನ ಮೊಟ್ಟೆಯನ್ನು ಬೇಡವೆನ್ನಬಹುದಾದರೂ ಹಿಟ್ಟಿನೊಳಗಿನದನ್ನು ತೆಗೆಯಲಾಗದು. ಮೊಟ್ಟೆ ತಿನ್ನುವವರಿಗೆ ನನ್ನ ಮತ ಬಿಬಿಂಗ್ಕಾಕ್ಕೆ. ಸುಟ್ಟ ಬಾಳೆ ಎಲೆ, ಉಪ್ಪು, ಸಿಹಿ, ಹೊಗೆ ಇವೆಲ್ಲ ಒಂದೇ ತುತ್ತಿನಲ್ಲಿ ಸೇರುವುದು ಬೇರೆಲ್ಲೂ ಇಲ್ಲ. ವಿದ್ಯುತ್ ಒಲೆಯಲ್ಲಿ ಬೇಯಿಸಿದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಸಂಜೆಯ ಕಡ್ಡಿ ತಿಂಡಿಗಳು

ಚುಚ್ಚು ಚುಚ್ಚು ಎಂಬರ್ಥದ ತುಸೊಕ್-ತುಸೊಕ್ ಎಂಬ ಹೆಸರಿನಿಂದ ಕರೆಯುವ ಈ ಗಾಡಿಗಳು ಸಂಜೆ ನಾಲ್ಕರಿಂದ ತುಂಬುತ್ತವೆ. ಮೀನಿನ ಹಿಟ್ಟಿನ ಉಂಡೆ ಫಿಶ್‌ಬಾಲ್, ಕಂದು ಸುರುಳಿಯಂಥ ಕಿಕ್ಯಾಮ್, ಕೇಸರಿ ಹಿಟ್ಟಿನಲ್ಲಿ ಅದ್ದಿ ಕರಿದ ಗೌಜುಗ ಹಕ್ಕಿಯ ಮೊಟ್ಟೆ ಕ್ವೆಕ್-ಕ್ವೆಕ್, ಕೋಳಿಮೊಟ್ಟೆಯದಾದರೆ ತೊಕ್ನೆನೆಂಗ್. ಫಿಶ್‌ಬಾಲ್‌ನಲ್ಲಿ ಮೀನಿಗಿಂತ ಹಿಟ್ಟೇ ಹೆಚ್ಚು, ರುಚಿಯೆಲ್ಲ ಸಾಸ್‌ನದು. ಮೊಟ್ಟೆ ತಿನ್ನುವವರು ಕ್ವೆಕ್-ಕ್ವೆಕ್ ಅನ್ನು ಈರುಳ್ಳಿ, ಮೆಣಸಿನಕಾಯಿ ಹಾಕಿದ ವಿನೆಗರ್‌ನಲ್ಲಿ ಅದ್ದಿ ತಿಂದರೆ ಸಾಕು, ಉಳಿದವನ್ನು ಬಿಟ್ಟರೂ ನಷ್ಟವಿಲ್ಲ. ಕೆಂಡದ ಮೇಲಿನ ಇಸಾವ್ ಕೋಳಿ ಅಥವಾ ಹಂದಿಯ ಕರುಳು. ಚೌಕಾಕಾರದ ಹೆಪ್ಪುಗಟ್ಟಿದ ರಕ್ತಕ್ಕೆ ಹಳೆಯ ವಿಡಿಯೊ ಕ್ಯಾಸೆಟ್ಟಿನ ನೆನಪಲ್ಲಿ ಬೆಟಾಮ್ಯಾಕ್ಸ್ ಎಂದೂ, ಕೋಳಿಕಾಲಿಗೆ ಅಡಿಡಾಸ್ ಎಂದೂ ಜನರು ಹೆಸರಿಟ್ಟಿದ್ದಾರೆ. ಮಾಂಸಾಹಾರಿಗಳು ಇವನ್ನು ತಿನ್ನಬಯಸಿದರೆ ಕೆಂಡ ಉರಿಯುತ್ತಿರುವಾಗ, ತಮ್ಮೆದುರೇ ಮತ್ತೊಮ್ಮೆ ಸುಡಿಸಿಕೊಂಡು ತಿನ್ನಬೇಕು.

ಇಲ್ಲಿ ತಿಂಡಿಗಿಂತ ಗಾಡಿಯ ಆಯ್ಕೆ ಮುಖ್ಯ. ಹಿಂದೆ ಎಲ್ಲರೂ ಒಂದೇ ಭರಣಿಯ ಸಾಸ್‌ಗೆ ಕಡ್ಡಿ ಅದ್ದುತ್ತಿದ್ದರು. ಕಚ್ಚಿದ ಕಡ್ಡಿಯನ್ನೇ ಮತ್ತೆ ಅದ್ದುವವರೂ ಇರುವುದರಿಂದ ಕಾಮಾಲೆಯಂಥ ರೋಗ ಹರಡಲು ಅದು ಸುಲಭ ದಾರಿ. ಈಗ ಅನೇಕರು ಸೌಟಿನಿಂದ ಕಾಗದದ ಲೋಟಕ್ಕೆ ಬಡಿಸುತ್ತಾರೆ. ಅಂಥ ಗಾಡಿಯನ್ನೇ ಹುಡುಕಿ. ಒಂದು ಸಂಗತಿ ಮಾತ್ರ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ: ಎಷ್ಟು ತಿಂದಿರಿ ಎಂದು ಮಾರುವವನು ಎಣಿಸುವುದಿಲ್ಲ, ತಿಂದವರು ತಾವೇ ಲೆಕ್ಕ ಹೇಳಿ ಹಣ ಕೊಡುತ್ತಾರೆ. ಆ ನಂಬಿಕೆಗೆ ತಕ್ಕಂತೆ ನಾವೂ ಎಣಿಸಿಕೊಂಡೇ ತಿನ್ನಬೇಕು.

ತಂಪಿಗೆ

ಮಾರ್ಚ್‌ನಿಂದ ಮೇವರೆಗಿನ ಸುಡು ಬಿಸಿಲಿನಲ್ಲಿ ಹಾಲೊ-ಹಾಲೊ ಎಲ್ಲರ ಬಾಯಲ್ಲಿರುತ್ತದೆ. ಹೆಸರಿಗೆ ಕಲಸು ಕಲಸು ಎಂದರ್ಥ. ಹೆರೆದ ಐಸ್, ಸಕ್ಕರೆಯಲ್ಲಿ ಬೇಯಿಸಿದ ಕಾಳುಗಳು, ಬಾಳೆ, ಹಲಸು, ತೆಂಗಿನ ನೀರಿನಿಂದ ಮಾಡಿದ ನಾತಾ, ಉಬೆ ಎಂಬ ನೇರಳೆ ಗೆಡ್ಡೆಯ ಹಲ್ವ, ಗಟ್ಟಿ ಹಾಲು. ಮೇಲಿನ ಕಂದು ಬಣ್ಣದ ಲೆಚೆ ಫ್ಲಾನ್ ಮೊಟ್ಟೆಯದು, ಬೇಡದವರು ಮೊದಲೇ ಹೇಳಬೇಕು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮನಿಲಾದಲ್ಲಿದ್ದ ಜಪಾನೀ ಅಂಗಡಿಗಳ ಐಸ್ ಮತ್ತು ಕಾಳಿನ ಸಿಹಿಯಿಂದ ಇದು ಬೆಳೆದು ಬಂದಿತು. ಮೆಕ್ಕೆಜೋಳ, ಹಾಲು, ಐಸ್ ಮಾತ್ರ ಇರುವ ಮಾಯ್ಸ್ ಕೊನ್ ಯೆಲೊ ಇನ್ನೂ ಸರಳ. ಹತ್ತು ರುಚಿಗಳ ಗದ್ದಲ ಬೇಡವೆನ್ನುವ ನನ್ನಂಥವರಿಗೆ ಅದೇ ಇಷ್ಟ. ಎರಡಕ್ಕೂ ಐಸ್ ಎಲ್ಲಿಂದ ಬಂತೆಂಬುದೇ ಪ್ರಶ್ನೆ. ನಡುವೆ ತೂತಿರುವ ಕೊಳವೆಯಾಕಾರದ ಐಸ್ ಕಾರ್ಖಾನೆಯಿಂದ ಚೀಲದಲ್ಲಿ ಬರುತ್ತದೆ, ವಾಸಿ. ಮೀನಿನ ಸಾಲಿನಲ್ಲಿ ಕಾಣುವ ದೊಡ್ಡ ದಿಮ್ಮಿಯನ್ನೇ ಒಡೆದು ಹೆರೆಯುತ್ತಿದ್ದರೆ ಬೇರೆ ಅಂಗಡಿಗೆ ಹೋಗಿ.

ಸಸ್ಯಾಹಾರಿಗಳ ಮಾತು

ಈ ವಿಷಯದಲ್ಲಿ ನಮ್ಮವರು ಎಡವುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅಲ್ಲಿ ಕರ್ನೆ ಎಂದರೆ ಸಾಮಾನ್ಯವಾಗಿ ಹಂದಿ, ದನದ ಮಾಂಸ ಮಾತ್ರ. ‘ಕರ್ನೆ ಬೇಡ’ ಎಂದವರಿಗೆ ಒಳ್ಳೆಯ ಮನಸ್ಸಿನಿಂದಲೇ ಕೋಳಿ, ಸಿಗಡಿ ಬಡಿಸುತ್ತಾರೆ. ಪೂರ್ತಿ ಮಾತು ಹೇಳಬೇಕು: ‘ಹಿಂದಿ ಪೊ ಅಕೊ ಕುಮಕಾಇನ್ ನಂಗ್ ಕರ್ನೆ, ಮನೊಕ್, ಇಸ್ದಾ, ಹಿಪೊನ್, ಇತ್ಲೊಗ್’, ಅಂದರೆ ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ. ‘ಪೊ’ ಎಂಬುದು ನಮ್ಮ ‘ರೀ’ ಇದ್ದಂತೆ ಗೌರವದ ಪದ, ಬಿಡಬಾರದು. ಮಾರುವ ಹೆಂಗಸನ್ನು ‘ಆತೆ’ ಎಂದರೆ ಅಕ್ಕ ಎಂದಂತೆ, ಗಂಡಸನ್ನು ‘ಕುಯಾ’ ಎಂದರೆ ಅಣ್ಣ ಎಂದಂತೆ.

ಹೊರನೋಟಕ್ಕೆ ತರಕಾರಿಯಂತೆ ಕಾಣುವ ಕೆಲವು ತಿಂಡಿಗಳಲ್ಲಿ ಸಿಗಡಿ ಅಡಗಿರುತ್ತದೆ. ಮೊಳಕೆಕಾಳಿನ ಲುಂಪಿಯಾಂಗ್ ತೊಗೆಯಲ್ಲಿ ಕೆಲವರು ಹಾಕುತ್ತಾರೆ, ಒಕೊಯ್ ಎಂಬ ಬೋಂಡಾದಲ್ಲಿ ಇದ್ದೇ ಇರುತ್ತದೆ, ಪಂಸಿತ್ ಪಲಾಬೊಕ್ ಎಂಬ ಶಾವಿಗೆಯ ಕೇಸರಿ ಗೊಜ್ಜೇ ಸಿಗಡಿಯದು. ಹಸಿ ಮಾವಿನಕಾಯಿಯ ಹೋಳಿಗೆ ಹಚ್ಚುವ ಗುಲಾಬಿ ಬಣ್ಣದ ಬಗೊವೊಂಗ್ ಕೂಡ ಹುದುಗಿಸಿದ ಸಿಗಡಿ. ಉಪ್ಪು ಸಾಕೆಂದರೆ ಕೊಡುತ್ತಾರೆ. ಮೀನು ಕರಿದ ಎಣ್ಣೆಯಲ್ಲೇ ತುರೋನ್ ಕರಿಯುತ್ತಾರೆಯೇ ಎಂದು ನೋಡಿಕೊಳ್ಳಬೇಕಾದವರು ಬಾಳೆಹಣ್ಣನ್ನು ಮಾತ್ರ ಮಾರುವ ಅಂಗಡಿಗೆ ಹೋಗಬೇಕು, ಅಂಥವು ಧಾರಾಳವಾಗಿವೆ. ಇನ್ನು ಗಿನತಾಂಗ್ ಮುಂಗೊ ಎಂಬ ಹೆಸರು ಹಲಗೆಯ ಮೇಲೆ ಕಂಡರೆ ದಯವಿಟ್ಟು ಕುಳಿತುಕೊಳ್ಳಿ. ಹುರಿದ ಹೆಸರುಕಾಳು, ಅಂಟಕ್ಕಿ, ತೆಂಗಿನ ಹಾಲು, ಸಕ್ಕರೆ ಸೇರಿದ ಬಿಸಿ ತಿಂಡಿ ಅದು. ಊರಿಂದ ಸಾವಿರಾರು ಮೈಲಿ ದೂರದಲ್ಲಿ, ಮಳೆ ಸುರಿಯುವ ತಗಡಿನ ಮಾಡಿನ ಕೆಳಗೆ, ಹೆಸರುಬೇಳೆ ಪಾಯಸದ ಬಟ್ಟಲು ಎದುರಿಗೆ ಬಂದಂತಾಗಿ ಅಕ್ಕನ ಮಗಳು ಮೊದಲ ತಿಂಗಳಲ್ಲಿ ಕಣ್ಣೀರು ಹಾಕಿದ್ದಳಂತೆ.

ಅಂಗಡಿಯನ್ನು ಗುರುತಿಸುವುದು

ಸಾಲು ಉದ್ದವಿದ್ದರೆ ಒಳ್ಳೆಯ ಅಂಗಡಿ ಎಂಬ ಮಾತು ಅರ್ಧ ನಿಜ. ಸಾಲಿನಲ್ಲಿ ಮಾರುಕಟ್ಟೆಯ ಕೂಲಿಗಳು, ಪಕ್ಕದ ಅಂಗಡಿಯವರು, ಸಮವಸ್ತ್ರದ ಶಾಲಾಮಕ್ಕಳು ಇದ್ದರೆ ನಿಲ್ಲಿ. ಅವರು ದಿನವೂ ತಿನ್ನುವವರು. ಒಂದೇ ಅಂಗಡಿಗೆ ಮತ್ತೆ ಮತ್ತೆ ಹೋಗುವ ಗಿರಾಕಿಗೂ ಆ ಮಾರುವವರಿಗೂ ಸುಕಿ ಎಂಬ ಒಂದೇ ಹೆಸರಿದೆ, ಇಬ್ಬರೂ ಒಬ್ಬರಿಗೊಬ್ಬರು ಸುಕಿ. ಮೂರನೆಯ ಸಲ ಹೋದಾಗಲೇ ಒಂದು ಪಲಿತಾವ್ ಹೆಚ್ಚಿಗೆ ಬೀಳುತ್ತದೆ. ತರಕಾರಿಗೆ ಚೌಕಾಸಿ ನಡೆಯುತ್ತದೆ, ಬೇಯಿಸಿದ ತಿಂಡಿಗೆ ಮಾಡುವುದು ಸಭ್ಯತೆಯಲ್ಲ. ಚಿಲ್ಲರೆ ಒಯ್ಯುವುದು ಕಡ್ಡಾಯ. ಬೆಳಗ್ಗೆ ಸಾವಿರ ಪೆಸೊ ನೋಟು ಹಿಡಿದು ಒಂದು ಲೋಟ ತಾಹೊ ಕೇಳಿದರೆ ಪಾಪ, ಅವನು ಏನು ಮಾಡಿಯಾನು? ಕಿಯಾಪೊಕ್ಕೆ ಹೋಗುವುದಾದರೆ ಶುಕ್ರವಾರ ಬಿಟ್ಟು ಬೇರೆ ದಿನ ಹೋಗಿ, ಅಂದು ಚರ್ಚಿಗೆ ಭಕ್ತರ ದಂಡೇ ಬರುತ್ತದೆ. ಜನಸಾಗರವನ್ನೇ ನೋಡಬೇಕೆಂದಿದ್ದರೆ ಶುಕ್ರವಾರವೇ ಸರಿ, ಕೈಚೀಲವನ್ನು ಮಾತ್ರ ಮುಂದಕ್ಕೆ ಹಾಕಿಕೊಳ್ಳಿ.

ಊರಿಗೆ ಏನು ಒಯ್ಯಬಹುದು ಎಂದು ಕೇಳುವವರಿಗೆ ಕಕಾನಿನ್ ಬೇಡವೆಂದೇ ಹೇಳುತ್ತೇನೆ, ವಿಮಾನ ಇಳಿಯುವಷ್ಟರಲ್ಲಿ ಕೆಡುತ್ತದೆ. ಒಣಗಿಸಿದ ಮಾವಿಗಿಂತ ನನಗೆ ಹೆ‌ಚ್ಚು ಇಷ್ಟವಾದ ಆಯ್ಕೆ ತಬ್ಲೆಯಾ. ಹುರಿದ ಕೋಕೋ ಬೀಜವನ್ನು ಅರೆದು ಬಿಲ್ಲೆ ಕಟ್ಟಿದ್ದು, ಸಕ್ಕರೆ ಸೇರಿಸದ್ದನ್ನೇ ಕೇಳಿ ಕೊಳ್ಳಿ. ದಾವಾವೊ ಸೀಮೆ ಆ ದೇಶದ ಕೋಕೋ ಬೆಳೆಯ ದೊಡ್ಡ ನೆಲೆ, ಬಂಕೆರೊಹಾನ್‌ನಲ್ಲಿ ತಬ್ಲೆಯಾ ಕಾಗದದ ಸುರುಳಿಯಲ್ಲಿ ಸಿಗುತ್ತದೆ. ಅಡಿಕೆ ತೋಟದ ನಡುವೆ ಕೋಕೋ ಬೆಳೆದು ಪುತ್ತೂರಿನ ಚಾಕೊಲೇಟ್ ಕಾರ್ಖಾನೆಗೆ ಬೀಜ ಹೋಗುವುದನ್ನು ನೋಡಿದ ದಕ್ಷಿಣ ಕನ್ನಡದವರಿಗೆ ಅದರ ಹಸಿ ಕಹಿ ಪರಿಚಯವಿದ್ದೀತು. ಸಿಕ್ವಾತೆ ಮಾಡಲು ಎರಡು ಬಿಲ್ಲೆಗಳನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಬತಿರೊಲ್ ಎಂಬ ಮರದ ಕೋಲನ್ನು ಎರಡು ಅಂಗೈಗಳ ನಡುವೆ ಉಜ್ಜಿ ತಿರುಗಿಸಿ ನೊರೆ ಬರಿಸಬೇಕು. ಬತಿರೊಲ್ ಕೊಳ್ಳಲು ಹಣ ಖರ್ಚು ಮಾಡಬೇಕಿಲ್ಲ. ಅಡುಗೆಮನೆಯ ಕಡಗೋಲು ಆ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ.